ಹನ್ನೊಂದು ಸಲ ಒತ್ತಿದ ಬಟನ್

ಬೆಳಿಗ್ಗೆ ಎದ್ದು ಮುಖ ತೊಳೆದು, ದೇವರಿಗೆ ಕೈಮುಗಿದು, ಬಾಯಿಗೆ ಒಂದು ಗುಟುಕು ನೀರು ಹಾಕಿಕೊಳ್ಳುವುದಕ್ಕೂ ಮೊದಲು ಕೇಬಲಕ್ಕ ಒಂದು ಕೆಲಸ ಮಾಡುತ್ತಾಳೆ. ಮುಂದಿನ ಕೋಣೆಯ ಮೇಜಿನ ಮೇಲಿರುವ ಹಳೆಯ ಕಂಪ್ಯೂಟರನ್ನು ಚಾಲೂ ಮಾಡುತ್ತಾಳೆ. ಅದರ ಬೆನ್ನಿನಿಂದ ಹೊರಟ ಬೂದು ಬಣ್ಣದ ಕೇಬಲ್ಲು ಪಕ್ಕದ ಮೀಟರಿಗೆ ಹೋಗುತ್ತದೆ. ಆ ಮೀಟರು ಏನನ್ನೂ ಅಳೆಯುತ್ತಿಲ್ಲ, ಅದಕ್ಕೆ ಸೇರಿದ ಕೊಕ್ಕೆ ಖಾಲಿ. ಪರದೆಯಲ್ಲಿ ‘ಶುರು’ ಎಂಬ ಬಟನ್ ಒತ್ತುತ್ತಾಳೆ. ಮೀಟರು ಮಾತಾಡತೊಡಗುತ್ತದೆ, ಸೊನ್ನೆ, ಸೊನ್ನೆ, ಸೊನ್ನೆ ಎಂದು ಅಂಕಿಗಳು ಒಂದರ ಕೆಳಗೊಂದು ಇಳಿಯುತ್ತವೆ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ ‘ನಿಲ್ಲಿಸು’ ಒತ್ತುತ್ತಾಳೆ. ಅಂಕಿಗಳು ಇದ್ದಲ್ಲೇ ನಿಲ್ಲುತ್ತವೆ. ನಿಜವಾಗಿ ನಿಂತವೇ ಎಂದು ಇನ್ನೊಂದು ಉಸಿರಿನಷ್ಟು ಹೊತ್ತು ನೋಡುತ್ತಾಳೆ. ಆಮೇಲೆ ಚಹಾಕ್ಕೆ ನೀರಿಡುತ್ತಾಳೆ.

ಜ್ವರ ಬಂದ ದಿನವೂ ಇದು ತಪ್ಪಿಲ್ಲ. ಅವಳ ಅತ್ತೆಗೆ ಎಂಬತ್ತು ದಾಟಿದೆ, ಹಲ್ಲು ಹೋಗಿವೆ, ನಾಲಿಗೆಯ ಮೊನೆ ಮಾತ್ರ ಹೋಗಿಲ್ಲ.

“ಲೋಕದ ಜನ ಎದ್ದ ಕೂಡಲೇ ದೇವರ ಮುಖ ನೋಡ್ತಾರೆ. ನನ್ನ ಸೊಸೆ ದೇವರಿಗೊಂದು ನಮಸ್ಕಾರ ಎಸೆದು ಮೀಟರಿನ ನಾಡಿ ಹಿಡೀತಾಳೆ.”

“ನಿಮ್ಮ ನಾಡಿ ಚೆನ್ನಾಗಿದೆಯಲ್ಲ ಅತ್ತೆ, ಅದಕ್ಕೇ.”

“ನನ್ನದು ನಿಂತರೆ ನಿನಗೆ ಗೊತ್ತಾಗೋದು ಚಹಾ ಆರಿದ ಮೇಲೆ.”

ಗಂಡ ತೀರಿಕೊಂಡ ವರ್ಷ ಕೇಬಲಕ್ಕ ಆ ಕಂಪನಿಗೆ ಸೇರಿದ್ದು. ಆಗ ಅವಳಿಗೆ ಇಪ್ಪತ್ತನಾಲ್ಕು. ಎರಡು ಅಂತಸ್ತಿನ ಸಣ್ಣ ಕಟ್ಟಡ. ಕೆಳಗೆ ಬೆಸುಗೆಯ ಮೇಜುಗಳು, ಮೇಲೆ ಯಜಮಾನರ ಕೋಣೆ. ಕಂಪ್ಯೂಟರಿಗೂ ಯಂತ್ರಕ್ಕೂ ನಡುವೆ ಮಾತು ಸಾಗಿಸುವ ಒಂಬತ್ತು ಕಡ್ಡಿಯ ಕೇಬಲ್ಲುಗಳಿಗೆ ಬೆಸುಗೆ ಹಾಕುವುದು ಅವಳ ಕೆಲಸ. ದಿನಕ್ಕೆ ನಲವತ್ತು ಕೇಬಲ್ಲು, ಒಂದೊಂದಕ್ಕೂ ಎರಡು ತಲೆ. ಹೆಸರು ಹಿಡಿದು ಕರೆಯುವವರು ಕ್ರಮೇಣ ಇಲ್ಲವಾದರು. ಹಾಗೆ ಕೇಬಲಕ್ಕನಾದಳು.

ಓದಿದ್ದು ಹತ್ತನೆಯ ತರಗತಿ. ಆದರೆ ಕಿವಿ ಒಳ್ಳೆಯದಿತ್ತು. ಮೇಲಿನ ಎಂಜಿನಿಯರು ಎಸೆದ ಹಳೆಯ ಕೈಪಿಡಿಗಳನ್ನು ಊಟದ ಬುತ್ತಿಯ ಕೆಳಗೆ ಹಾಸಿಕೊಳ್ಳಲೆಂದು ತಂದವಳು, ಹಾಸಿಕೊಳ್ಳುವ ಮೊದಲು ಓದಿದಳು. ಅರ್ಥವಾಗದ್ದನ್ನು ಅವನು ಚಹಾ ಕುಡಿಯುವ ಹೊತ್ತು ನೋಡಿ ಕೇಳಿದಳು. ಅವನು ಹೇಳುವಾಗ ನಡುವೆ ಬಾಯಿ ಹಾಕಲಿಲ್ಲ. ಆರು ವರ್ಷ ಹೀಗೆ ಕಳೆದ ಮೇಲೆ ಅವನು ಬೇರೆ ಕೆಲಸ ಹುಡುಕಿಕೊಂಡು ಹೋದ. ಅವನು ಬರೆದಿಟ್ಟ ಪ್ರೋಗ್ರಾಮುಗಳ ಒಳಹೊರಗು ಬಲ್ಲವರು ಕಂಪನಿಯಲ್ಲಿ ಅವಳೊಬ್ಬಳೇ ಉಳಿದಳು. ಯಜಮಾನರು ಅವಳನ್ನು ಮೇಲಿನ ಅಂತಸ್ತಿಗೆ ಕರೆಸಿಕೊಂಡರು. ಕುರ್ಚಿ ಬದಲಾಯಿತು, ಹುದ್ದೆಯ ಹೆಸರು ಬದಲಾಗಲಿಲ್ಲ. ಕಾಗದದಲ್ಲಿ ಅವಳು ಕೊನೆಯವರೆಗೂ ಬೆಸುಗೆಯ ಹೆಂಗಸೇ.

ಕಂಪನಿ ಮಾಡುತ್ತಿದ್ದುದು ಹಗ್ಗ ಎಳೆದು ಪರೀಕ್ಷಿಸುವ ಯಂತ್ರಗಳಿಗೆ ಬೇಕಾದ ಮೀಟರು ಮತ್ತು ಪ್ರೋಗ್ರಾಮು. ಕ್ರೇನುಗಳಲ್ಲಿ ಭಾರ ಎತ್ತುವ ಉಕ್ಕಿನ ಹಗ್ಗ ಇರುತ್ತದಲ್ಲ, ಅದನ್ನು ವರ್ಷಕ್ಕೊಮ್ಮೆ ಉದ್ದನೆಯ ಕಬ್ಬಿಣದ ಮಂಚದ ಮೇಲೆ ಮಲಗಿಸಿ, ಎರಡೂ ತುದಿ ಕೊಕ್ಕೆಗೆ ಸಿಕ್ಕಿಸಿ, ಎಣ್ಣೆಯ ಪಂಪಿನಿಂದ ಎಳೆಯುತ್ತಾರೆ. ಬೇಕಾದಷ್ಟು ಬಿಗಿಯಲ್ಲಿ ಒಂದಿಷ್ಟು ಹೊತ್ತು ಹಿಡಿದಿಡುತ್ತಾರೆ. ತಡೆದರೆ ಪಾಸಾಯಿತೆಂಬ ಚೀಟಿ, ತಡೆಯದಿದ್ದರೆ ಗುಜರಿ. ಊರಿನ ಆಚೆ ತುದಿಯ ಅಂಗಳವೊಂದರಲ್ಲಿ ಅಂಥ ಮಂಚವಿತ್ತು. ಅದನ್ನು ನಡೆಸುವವನನ್ನು ಎಲ್ಲರೂ ಸಿಳ್ಳೆ ಎಂದೇ ಕರೆಯುತ್ತಿದ್ದರು. ಪ್ರತಿ ಸಲ ಎಳೆಯುವ ಮೊದಲು ಬಲಗೈಯ ಎರಡು ಬೆರಳು ಬಾಯಿಗಿಟ್ಟು ಅವನು ಹೊಡೆಯುವ ಸಿಳ್ಳೆ ಮೂರು ಬೀದಿಗೆ ಕೇಳುತ್ತಿತ್ತು. ಅಂಗಳದಲ್ಲಿದ್ದವರು ಹಳದಿ ಗೆರೆಯಿಂದ ಹಿಂದೆ ಸರಿಯುತ್ತಿದ್ದರು. ಗಂಟೆ ಇತ್ತು, ಅದು ಕೆಟ್ಟಿತ್ತು. ಸಿಳ್ಳೆ ಇದ್ದಾನಲ್ಲ ಎಂದು ಯಾರೂ ಸರಿಮಾಡಿಸಿರಲಿಲ್ಲ.

ಮಂಚಕ್ಕೊಂದು ಕೆಂಪು ಗುಬುಟು ಇತ್ತು, ಅಪಾಯದಲ್ಲಿ ಒತ್ತಿ ಪಂಪು ನಿಲ್ಲಿಸಲೆಂದು. ಆದರೆ ಅದನ್ನು ಕೂಡಿಸಿದವರು ಮಂಚದ ಆಚೆ ಬದಿಗೆ ಕೂಡಿಸಿದ್ದರು. ಸಿಳ್ಳೆಯ ಮೇಜು, ರಕ್ಷಣೆಯ ಜಾಲರಿ, ಕಂಪ್ಯೂಟರು ಎಲ್ಲ ಈಚೆ. ಆಚೆ ಹೋಗಬೇಕಾದರೆ ಹಳದಿ ಗೆರೆ ದಾಟಿ, ಬಿಗಿದ ಹಗ್ಗದ ತುದಿ ಸುತ್ತಿ ಹೋಗಬೇಕು. ಆದ್ದರಿಂದ ಎಲ್ಲರೂ ನಂಬಿದ್ದು ಪರದೆಯ ಮೇಲಿನ ‘ನಿಲ್ಲಿಸು’ ಬಟನ್ನನ್ನು.

ಹಳೆಯ ಮೀಟರು ಒಂದು ಅಂಕಿ ಹೇಳಿ ಉಸಿರು ಬಿಡುತ್ತಿತ್ತು. ಆ ಸಂದಿಯಲ್ಲಿ ಪ್ರೋಗ್ರಾಮು ಹೊರಗೆ ಇಣುಕಿ, ಯಾರಾದರೂ ಬಟನ್ ಒತ್ತಿದ್ದಾರೆಯೇ ಎಂದು ನೋಡುತ್ತಿತ್ತು. ಆಮೇಲೆ ಯಜಮಾನರು ಅಗ್ಗದ ಹೊಸ ಮೀಟರು ತರಿಸಿದರು. ಅದು ಬಾಯಿ ತೆರೆದರೆ ಹತ್ತು ನಿಮಿಷದ ಎಳೆತ ಮುಗಿಯುವವರೆಗೆ ಮುಚ್ಚುವುದಿಲ್ಲ. ಅಷ್ಟೂ ಹೊತ್ತು ಪ್ರೋಗ್ರಾಮು ಅದರ ಮಾತಿಗೆ ಕಿವಿಗೊಟ್ಟು ಕೂರಬೇಕು. ಪರದೆ ಬೆಳ್ಳಗಾಗುತ್ತಿತ್ತು, ಮೇಲಿನ ಪಟ್ಟಿಯಲ್ಲಿ ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಸಾಲು ಬರುತ್ತಿತ್ತು. ಕೊನೆಗೆ ತಾನಾಗಿ ಎದ್ದು ಕೂರುತ್ತಿತ್ತು.

ಮೊದಲು ಫೋನು ಮಾಡಿದವನು ಸಿಳ್ಳೆಯೇ.

“ಅಕ್ಕಾ, ನಿಮ್ಮ ಪ್ರೋಗ್ರಾಮು ಹೆಣದ ಹಾಗೆ ಬಿಳಿಚಿಕೊಳ್ಳುತ್ತೆ. ಹತ್ತು ನಿಮಿಷ ಆದ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಎದ್ದು ಕೂರುತ್ತೆ. ನನ್ನ ಮಾವ ಊಟ ಆದ ಮೇಲೆ ಹೀಗೇ ಮಾಡ್ತಾರೆ.”

“ಮಾವನ್ನ ಎಬ್ಬಿಸೋದು ಹೇಗೆ?”

“ಎಬ್ಬಿಸಿದರೆ ಬೈತಾರೆ. ಇದು ಬೈಯೋದೂ ಇಲ್ಲ.”

ಕಾರಣ ಅವಳಿಗೆ ಗೊತ್ತಿತ್ತು, ಅತ್ತೆಗೆ ಹೇಳುವಾಗ ಇನ್ನಷ್ಟು ತಿಳಿಯಾಯಿತು. ಅತ್ತೆ ಎಲ್ಲವನ್ನೂ ಕೇಳಿ, “ಅಲ್ಲವೇ, ಮಗೂಗೆ ಸ್ನಾನ ಮಾಡಿಸ್ತಾ ಇರೋವಾಗ ಯಾರೋ ಬಾಗಿಲು ಬಡಿದರೆ ಏನು ಮಾಡ್ತೀ? ಒದ್ದೆ ಮಗೂನ ಬಿಟ್ಟು ಓಡೋಕಾಗುತ್ತಾ? ಮನೇಲಿ ಇನ್ನೊಬ್ಬರು ಇರಬೇಕು” ಎಂದರು. ಅಷ್ಟೇ ಸಂಗತಿ. ಮೀಟರಿನ ಮಾತು ಕೇಳಲು ಒಳಗೊಬ್ಬ ಆಳು, ಬಾಗಿಲಲ್ಲಿ ನಿಂತು ಜನರ ಮಾತು ಕೇಳಲು ಇನ್ನೊಬ್ಬ ಆಳು, ಇಬ್ಬರಿಗೂ ನಡುವೆ ಒಂದು ಸಂಜ್ಞೆ. ಪ್ರೋಗ್ರಾಮನ್ನು ಹಾಗೆ ಎರಡಾಗಿ ಒಡೆದು ಕಟ್ಟಬೇಕು. ಸರಿಯಾಗಿ ಪರೀಕ್ಷೆ ಮಾಡಿ ಮುಗಿಸಲು ಮೂರು ವಾರ ಬೇಕು.

ಯಜಮಾನರು ಬೆರಳಿನಿಂದ ಮೇಜು ಬಡಿಯುತ್ತ ಕೇಳಿದರು. “ಮೂರು ವಾರ! ಏನಮ್ಮಾ, ಹೊಸ ಗಿರಾಕಿಗಳು ಸೋಮವಾರ ನೋಡೋಕೆ ಬರ್ತಾರೆ. ಅವರಿಗೆ ಬೇಕಾಗಿರೋದು ಏನು? ಪರದೆ ಸತ್ತ ಹಾಗೆ ಕಾಣಬಾರದು. ಏನಾದರೂ ತಿರುಗ್ತಾ ಇರಲಿ. ಜನಕ್ಕೆ ತಿರುಗೋದು ಕಂಡರೆ ಸಮಾಧಾನ.”

“ತಿರುಗಿದರೆ ಕೇಳಿಸಿಕೊಂಡ ಹಾಗಲ್ಲ ಯಜಮಾನರೇ. ನಿಲ್ಲಿಸು ಅಂದರೆ ನಿಲ್ಲಲ್ಲ.”

“ನಿಲ್ಲಿಸೋಕೆ ಕೆಂಪು ಗುಬುಟು ಇದೆಯಲ್ಲ? ಮೂರು ವಾರದ ಕೆಲಸ ಆಮೇಲೆ ಮಾಡುವೆಯಂತೆ.”

ಆ ‘ಆಮೇಲೆ’ ಬರಲೇ ಇಲ್ಲ. ಕೇಬಲಕ್ಕ ಎರಡು ದಿನದಲ್ಲಿ ಒಂದು ಚಕ್ರ ಮಾಡಿದಳು. ಅದೊಂದು ಬೇರೆಯೇ ಪುಟ್ಟ ಪ್ರೋಗ್ರಾಮು. ಎಳೆತ ಶುರುವಾದಾಗ ಶುರುವಾಗಿ, ಮುಗಿದಾಗ ಮುಗಿಯುತ್ತಿತ್ತು. ನಡುವೆ ದೊಡ್ಡ ಪ್ರೋಗ್ರಾಮು ಬದುಕಿದೆಯೋ ಇಲ್ಲವೋ ಅದಕ್ಕೆ ತಿಳಿಯದು. ಹಸಿರು ಬಣ್ಣ, ನಯವಾದ ತಿರುವು. ಪರದೆ ಬೆಳ್ಳಗಾಗದ ಹಾಗೆ ಅದರ ಒಂದು ಚಿತ್ರವನ್ನು ಮೇಲೆ ಹರಡಿದಳು. ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಸಾಲು ಎಲ್ಲಿ ಬರುತ್ತಿತ್ತೋ ಸರಿಯಾಗಿ ಅಲ್ಲಿಗೆ ಚಕ್ರವನ್ನು ಕೂಡಿಸಿದಳು. ಕೈಪಿಡಿಯಲ್ಲಿ ಒಂದು ಸಾಲು ಸೇರಿಸಿದಳು: ಎಳೆತದ ನಡುವೆ ‘ನಿಲ್ಲಿಸು’ ಬಟನ್ನನ್ನು ನಂಬಬೇಡಿ. ಯಜಮಾನರು ಅದರ ಮೇಲೆ ಪೆನ್ನು ಎಳೆದರು. “ಇದನ್ನ ಓದಿದವನು ಕೊಳ್ತಾನಾ?”

ಚಕ್ರ ಹಾಕಲು ಅವಳೇ ಅಂಗಳಕ್ಕೆ ಹೋಗಿದ್ದಳು. ಸಿಳ್ಳೆ ಎರಡು ಬೆರಳು ಬಾಯಿಗಿಟ್ಟು ಊದಿ, ‘ಶುರು’ ಒತ್ತಿ, ಚಕ್ರ ತಿರುಗುವುದನ್ನು ಕಂಡು ಚಪ್ಪಾಳೆ ತಟ್ಟಿದ.

“ಈಗ ನೋಡಿ ಅಕ್ಕಾ, ಉಸಿರಾಡ್ತಿದೆ! ದೇವರು ನಿಮ್ಮ ಕೈ ತಣ್ಣಗಿಡಲಿ.”

ಹೇಳಬೇಕೆಂದುಕೊಂಡಳು. ಇದು ಉಸಿರಲ್ಲ ತಮ್ಮಾ, ಬಣ್ಣ, ಎಂದು ನಾಲಿಗೆಯ ತುದಿಗೆ ಬಂದಿತ್ತು. ಅವನು ನಗುತ್ತಿದ್ದ. ಅವನ ಹೆಂಡತಿ ಬುತ್ತಿ ತಂದಿದ್ದಳು, ಅವಳಿಗೂ ಕರೆದು ತೋರಿಸುತ್ತಿದ್ದ. ಮೂರು ವಾರದ ಕೆಲಸ ಹೇಗೂ ಆಗುತ್ತದಲ್ಲ, ಆಗ ಹೇಳಿದರಾಯಿತು ಎಂದುಕೊಂಡಳು. ಕೇಬಲ್ಲು ಸುತ್ತಿ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟಳು.

ಐದು ತಿಂಗಳ ನಂತರ, ಬೆಳಿಗ್ಗೆ ಹನ್ನೊಂದು ಮುಕ್ಕಾಲರ ಸುಮಾರಿಗೆ, ಒಂದು ಹಗ್ಗ ಎಳೆತದ ನಡುವೆ ಟಿಕ್ ಎಂದಿತು. ಒಂದು ಎಳೆ ಬಿಟ್ಟಿತ್ತು. ಸಿಳ್ಳೆ ‘ನಿಲ್ಲಿಸು’ ಒತ್ತಿದ. ಹಸಿರು ಚಕ್ರ ನೆಮ್ಮದಿಯಿಂದ ತಿರುಗುತ್ತಿತ್ತು; ಕೇಳಿಸಿಕೊಂಡಿತು, ಈಗ ನಿಲ್ಲಿಸುತ್ತದೆ ಎಂದುಕೊಂಡ. ಇನ್ನೊಂದು ಟಿಕ್. ಮತ್ತೆ ಒತ್ತಿದ, ಮತ್ತೆ ಮತ್ತೆ ಒತ್ತಿದ. ಆಚೆ ಕಡೆ ಉಗ್ರಾಣದವನು ಬೆನ್ನು ಹಾಕಿ ನಿಂತು ಏನೋ ಬರೆದುಕೊಳ್ಳುತ್ತಿದ್ದ. ಸಿಳ್ಳೆ ಅವನನ್ನು ಕೂಗುತ್ತ, ಗೆರೆ ದಾಟಿ ಕೆಂಪು ಗುಬುಟಿಗೆ ಓಡಿದ. ಕೈ ಚಾಚಿದಾಗ ಹಗ್ಗ ಹರಿಯಿತು. ಉಗ್ರಾಣದವನು ಕೂಗಿಗೆ ಬಗ್ಗಿದ್ದರಿಂದ ಉಳಿದ. ಸಿಳ್ಳೆಯ ಬಲಗೈಯ ಮೂರು ಬೆರಳು ಉಳಿಯಲಿಲ್ಲ.

ಒಂಬತ್ತು ದಿನದ ನಂತರ ತನಿಖೆ ಎಂದಾಯಿತು. ಅಂಗಳದ ಕಂಪ್ಯೂಟರಿನಲ್ಲಿ ಪ್ರೋಗ್ರಾಮು ತಾನಾಗಿ ಬರೆದುಕೊಳ್ಳುವ ಪಟ್ಟಿಯೊಂದಿತ್ತು; ಯಾವ ಬಟನ್ನು ಯಾವ ಹೊತ್ತಿಗೆ, ಭಾರ ಯಾವ ಹೊತ್ತಿಗೆ ಎಷ್ಟು ಎಂದು. ಯಜಮಾನರು ಅದನ್ನು ತರಿಸಿದರು. ಓದಿ ಅವರ ಮುಖ ಅರಳಿತು.

“ಬಾಮ್ಮಾ, ನೋಡು. ಹಗ್ಗ ಹರಿದು ಭಾರ ಸೊನ್ನೆ ಆಗಿದ್ದು ಹನ್ನೊಂದು ನಲವತ್ತೆರಡು, ಹದಿನಾರನೇ ಸೆಕೆಂಡು. ‘ನಿಲ್ಲಿಸು’ ಒತ್ತಿದ್ದು ಹದಿನೇಳನೇ ಸೆಕೆಂಡು. ಮನೆ ಸುಟ್ಟ ಮೇಲೆ ಬಾವಿ ತೋಡಿದ್ದಾನೆ! ಬಟನ್ ಮುಟ್ಟದೆ ಸೀದಾ ಗೆರೆ ದಾಟಿದ್ದಾನೆ.”

“ಆ ಹೊತ್ತಿಗೆ ಅವನಿಗೆ ಕೈ ಎಲ್ಲಿತ್ತು ಯಜಮಾನರೇ?”

“ಇನ್ನೊಂದು ಕೈ ಇತ್ತಲ್ಲ.”

“ಅವನು ಮಂಚದ ಆಚೆ ಬಿದ್ದಿದ್ದ.”

“ಹಾಗಾದರೆ ಗಾಬರೀಲಿ ಬೇರೆ ಯಾರೋ ಒತ್ತಿರ್ತಾರೆ. ಹತ್ತು ಜನ ಓಡಿ ಬಂದಿದ್ದರಂತೆ. ನೀನು ಸುಳ್ಳು ಹೇಳಬೇಕಾಗಿಲ್ಲ, ನಾನು ಯಾರಿಂದಲೂ ಸುಳ್ಳು ಹೇಳಿಸಲ್ಲ. ಪಟ್ಟಿ ನಿಜವಾ ಅಂತ ಕೇಳ್ತಾರೆ, ನಿಜ ಅನ್ನು. ಸುಮ್ಮನಿದ್ದರೆ ಸಾಕು.”

ಅವಳು ಪಟ್ಟಿಯನ್ನು ತನ್ನ ಕುರ್ಚಿಗೆ ತಂದು ಓದಿದಳು. ಹದಿನೇಳನೆಯ ಸೆಕೆಂಡಿನ ಎದುರಿಗೆ ‘ನಿಲ್ಲಿಸು’ ಎಂಬ ಸಾಲು ಒಂದಲ್ಲ, ಹನ್ನೊಂದು ಇದ್ದವು. ಒಂದರ ಕೆಳಗೊಂದು, ಎಲ್ಲಕ್ಕೂ ಅದೇ ಸೆಕೆಂಡು.

ಬೆರಳಿಟ್ಟು ಇನ್ನೊಮ್ಮೆ ಎಣಿಸಿದಳು. ಸಿಳ್ಳೆ ಒತ್ತಿದ್ದು ಹಗ್ಗ ಹರಿಯುವ ಮೊದಲು. ಬಾಗಿಲು ತೆಗೆಯುವವರಿಲ್ಲದೆ ಆ ಹನ್ನೊಂದು ಒತ್ತುಗಳು ಹೊರಗೆ ಸಾಲುಗಟ್ಟಿ ನಿಂತಿದ್ದವು. ಹಗ್ಗ ಹರಿದು, ಭಾರ ಒಮ್ಮೆಲೇ ಬಿದ್ದಿದ್ದಕ್ಕೆ ಎಳೆತ ಅರ್ಧಕ್ಕೇ ಕಡಿದು, ಮೀಟರಿನ ಮಾತು ಮುಗಿದು, ಪ್ರೋಗ್ರಾಮು ಕಣ್ಣು ಬಿಟ್ಟಾಗ ಎಲ್ಲವೂ ಒಟ್ಟಿಗೇ ಒಳನುಗ್ಗಿದವು. ಬಂದವರು ಬಡಿದ ಹೊತ್ತನ್ನಲ್ಲ, ತಾನು ತೆಗೆದ ಹೊತ್ತನ್ನು ಅದು ಬರೆದುಕೊಂಡಿತು. ಈ ಮಾತು ಹೇಳಬಲ್ಲವರು ಊರಿನಲ್ಲಿ ಇನ್ನೊಬ್ಬರಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ ಚಕ್ರದ್ದು. ಸುಮ್ಮನಿದ್ದರೆ ಸಿಳ್ಳೆಯ ಹೆಸರಿನ ಮುಂದೆ ‘ತನ್ನ ತಪ್ಪಿನಿಂದ’ ಎಂದು ಬರೆಯುತ್ತಾರೆ; ಪರಿಹಾರವಿಲ್ಲ, ಕೆಲಸವಿಲ್ಲ, ಮುಂದೆ ಯಾವ ಅಂಗಳವೂ ಅವನನ್ನು ಸೇರಿಸುವುದಿಲ್ಲ.

ಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದಳು. ಅತ್ತೆ ಬಟ್ಟೆ ಮಡಚುತ್ತ, “ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ” ಎಂದರು. “ಇಪ್ಪತ್ತೆರಡು ವರ್ಷ ಆ ಮನೆ ಅನ್ನ ಹಾಕಿದೆ.”

“ಹೂಂ.”

“ನಿನಗೂ ಐವತ್ತು ಹತ್ತಿರ. ಇನ್ನು ಯಾರು ಕೆಲಸ ಕೊಡ್ತಾರೆ?”

“ಯಾರೂ ಕೊಡಲ್ಲ.”

ಅತ್ತೆ ಒಂದು ಸೀರೆ ಮಡಚಿ ಮುಗಿಸಿದರು. “ಆ ಹುಡುಗ ಮೊದಲು ಒತ್ತಿದ್ದು ನಿಜವಾ?”

“ನಿಜ ಅತ್ತೆ.”

“ಮತ್ತೆ ನನ್ನ ಯಾಕೆ ಕೇಳ್ತೀ? ಹೋಗಿ ನಿನ್ನ ದೇವರನ್ನ ಕೇಳು. ಅವನೂ ಹೊಸದೇನು ಹೇಳಲ್ಲ.”

ಉಳಿದ ಎಂಟು ದಿನ ಕೇಬಲಕ್ಕ ಪ್ರೋಗ್ರಾಮನ್ನು ಎರಡಾಗಿ ಒಡೆದು ಕಟ್ಟಿದಳು. ಮೂರು ವಾರದ ಕೆಲಸ ಎಂಟು ದಿನದಲ್ಲಿ ಮುಗಿಯಿತು. ಅದು ಅವಳಿಗೆ ಎಲ್ಲಕ್ಕಿಂತ ಕಹಿಯಾಗಿತ್ತು. ಎಂಟು ದಿನ ಎಂದಿದ್ದರೆ ಅವರು ಒಪ್ಪುತ್ತಿದ್ದರೇನೋ ಎಂಬ ಯೋಚನೆ ಈಗಲೂ ಅವಳ ಬೆನ್ನು ಬಿಟ್ಟಿಲ್ಲ.

ತನಿಖೆಯ ಕೋಣೆಯಲ್ಲಿ ಉದ್ದದ ಮೇಜು, ಅಲುಗಾಡುವ ಫ್ಯಾನು. ಅಧಿಕಾರಿ ಶಾಂತ ಸ್ವಭಾವದ ಮನುಷ್ಯ, ಪೆನ್ನಿನ ಮುಚ್ಚಳ ಮುಚ್ಚಿಯೇ ಕೇಳುವವರು. ಒಂದು ಕಡೆ ಯಜಮಾನರು. ಇನ್ನೊಂದು ಕಡೆ ಸಿಳ್ಳೆ, ಎದೆಗೆ ಕಟ್ಟಿದ ಬಲಗೈ, ಪಕ್ಕದಲ್ಲಿ ಅವನ ಹೆಂಡತಿ.

“ನಾನು ಮೊದಲೇ ಒತ್ತಿದೆ ಸಾರ್” ಎಂದು ಸಿಳ್ಳೆ ಹೇಳಿದ. ಅಷ್ಟರಲ್ಲಿ ಎಷ್ಟನೆಯ ಸಲವೋ, ದನಿಯಲ್ಲಿ ಜೀವವಿರಲಿಲ್ಲ.

ಅಧಿಕಾರಿ ಪಟ್ಟಿಯನ್ನು ಕೇಬಲಕ್ಕನ ಮುಂದೆ ಸರಿಸಿದರು. “ಇದು ನಿಮ್ಮ ಪ್ರೋಗ್ರಾಮು ಬರೆದದ್ದೇನಮ್ಮಾ? ನಿಜವಾ?”

“ನಮ್ಮದೇ ಸಾರ್. ಅಕ್ಷರ ನಿಜ, ಹೊತ್ತು ನಿಜ ಅಲ್ಲ.”

ಯಜಮಾನರು ಕೆಮ್ಮಿದರು. ಅವಳು ಚೀಲದಿಂದ ಮೌಸ್ ತೆಗೆದು ಅಧಿಕಾರಿಯ ಮುಂದಿಟ್ಟಳು. “ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಒತ್ತೋಕಾಗುತ್ತೆ, ದಯವಿಟ್ಟು ಒತ್ತಿ ನೋಡಿ ಸಾರ್.”

ಅಧಿಕಾರಿ ಕೈಗಡಿಯಾರ ನೋಡುತ್ತ ಒತ್ತಿದರು. ಆರು. ಮತ್ತೊಮ್ಮೆ ಪ್ರಯತ್ನಿಸಿದರು, ಈ ಸಲ ಹಲ್ಲು ಕಚ್ಚಿ. ಏಳು.

“ಇಲ್ಲಿ ಹನ್ನೊಂದಿದೆ” ಎಂದಳು.

ಆಮೇಲೆ ತಾನು ತಂದಿದ್ದ ಕಂಪ್ಯೂಟರಿಗೆ ಮೀಟರು ಜೋಡಿಸಿ, ಹಳೆಯ ಪ್ರೋಗ್ರಾಮನ್ನು ಹಗ್ಗವಿಲ್ಲದೆ ಓಡಿಸಿದಳು. ಅಧಿಕಾರಿಯ ಕೈಯಲ್ಲೇ ‘ನಿಲ್ಲಿಸು’ ಒತ್ತಿಸಿದಳು. ಒಂದು ಸಲ, ಅರ್ಧ ನಿಮಿಷ ಬಿಟ್ಟು ಇನ್ನೊಂದು ಸಲ, ಒಂದು ನಿಮಿಷ ಬಿಟ್ಟು ಮತ್ತೊಂದು ಸಲ. ಏನೂ ನಿಲ್ಲಲಿಲ್ಲ. ಎಲ್ಲರೂ ಹತ್ತು ನಿಮಿಷ ಕಾಯ್ದರು. ಎಳೆತ ಮುಗಿದ ಮೇಲೆ ಪಟ್ಟಿ ತೆರೆದು ತೋರಿಸಿದಳು. ಮೂರು ಒತ್ತು, ಮೂರಕ್ಕೂ ಒಂದೇ ಸೆಕೆಂಡು, ಎಲ್ಲ ಮುಗಿದ ಮೇಲಿನ ಸೆಕೆಂಡು.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಏನೋ ಬರೆದುಕೊಂಡು ತಲೆಯೆತ್ತಿದರು.

“ಎಲ್ಲ ಸರಿ. ಕಿವಿ ಕೇಳಿಸದಿದ್ದ ಮೇಲೆ ಈ ಹಸಿರು ಚಕ್ರ ಯಾಕೆ ತಿರುಗ್ತಿತ್ತು?”

“ನಾನು ತಿರುಗಿಸಿದ್ದಕ್ಕೆ ಸಾರ್.”

ಅವಳು ಎಲ್ಲ ಹೇಳಿದಳು: ಚಕ್ರ ಬೇರೆ, ಪ್ರೋಗ್ರಾಮು ಬೇರೆ, ಅದನ್ನು ಎಲ್ಲಿ ಕೂಡಿಸಿದಳು, ಯಾವ ಸಾಲನ್ನು ಮುಚ್ಚಲು ಕೂಡಿಸಿದಳು.

“ಯಾರು ಹೇಳಿ ಮಾಡಿಸಿದರು?”

ಅವಳು ಯಜಮಾನರ ಕಡೆ ನೋಡಿದಳು. ಅವರು ಕೈ ಅಗಲಿಸಿದರು. “ನಾನು ಯಾವಾಗ ಹೇಳಿದೆ? ಕಾಗದ ಇದೆಯಾ? ಸಾರ್, ಈಕೆ ಓದಿದವಳಲ್ಲ, ಬೆಸುಗೆ ಹಾಕ್ತಿದ್ದವಳು. ಪಾಪ ಅಂತ ಮೇಲೆ ಕೂರಿಸಿದ್ದು ನನ್ನ ತಪ್ಪು.”

ಕಾಗದ ಇರಲಿಲ್ಲ. ಪೆನ್ನು ಎಳೆದ ಕೈಪಿಡಿಯ ಹಾಳೆ ಎಂದೋ ಬುಟ್ಟಿಗೆ ಹೋಗಿತ್ತು. ಬೇರೆಯವರು ಎಸೆದ ಕಾಗದ ಹೆಕ್ಕಿ ವಿದ್ಯೆ ಕಲಿತವಳು, ತನಗೆ ಬೇಕಾದ ಒಂದು ಕಾಗದ ಎತ್ತಿಟ್ಟುಕೊಂಡಿರಲಿಲ್ಲ.

ಸಿಳ್ಳೆ ಅವಳನ್ನೇ ನೋಡುತ್ತಿದ್ದ. ಚಕ್ರದ ಸಂಗತಿ ಅವನು ಕೇಳಿದ್ದು ಅದೇ ಮೊದಲು.

“ಉಸಿರಾಡ್ತಿದೆ ಅಂದಿದ್ದೆ ನಾನು” ಎಂದು ಹೆಂಡತಿಗೆ ಹೇಳಿದ. ಅವಳು ಅವನ ಕೈಗೆ ಕಟ್ಟಿದ ಬಟ್ಟೆಯ ಗಂಟು ಸರಿಮಾಡಿದಳು.

ಸಿಳ್ಳೆಯ ಹೆಸರು ತಪ್ಪಿನ ಪಟ್ಟಿಯಿಂದ ಹೊರಬಂತು. ಪರಿಹಾರ ಸಿಕ್ಕಿತು, ಅಂಗಳದ ಗೇಟಿನಲ್ಲಿ ಕೂರುವ ಕೆಲಸವೂ ಸಿಕ್ಕಿತು. ‘ಅರ್ಹತೆಯಿಲ್ಲದ ಉದ್ಯೋಗಿಯ ತಪ್ಪು ಕೆಲಸ’ ಎಂದು ವರದಿಯಲ್ಲಿ ಬಂತು. ಮರುದಿನ ಕೇಬಲಕ್ಕನ ಕೆಲಸ ಹೋಯಿತು. ಎಂಟು ದಿನದಲ್ಲಿ ಕಟ್ಟಿದ ಹೊಸ ಪ್ರೋಗ್ರಾಮನ್ನು ಅವಳು ಮೇಜಿನ ಮೇಲಿಟ್ಟೇ ಬಂದಳು, ಇನ್ನೊಂದು ಕೈ ಹೋಗಬಾರದಲ್ಲ. ಯಜಮಾನರು ಅದನ್ನು ‘ಹೊಸ ಸುರಕ್ಷಿತ ಆವೃತ್ತಿ’ ಎಂದು ಮಾರಿದರು. ಚೆನ್ನಾಗಿ ಹೋಯಿತಂತೆ.

ಒಮ್ಮೆ ಅಂಗಳಕ್ಕೆ ಹೋಗಿದ್ದಳು. ಸಿಳ್ಳೆ ಗೇಟಿನ ಬಳಿ ಸ್ಟೂಲಿನ ಮೇಲೆ ಕೂತಿದ್ದ. ಕೊರಳಲ್ಲಿ ದಾರಕ್ಕೆ ಕಟ್ಟಿದ ಪ್ಲಾಸ್ಟಿಕ್ ಪೀಪಿ. ಲಾರಿ ಬಂದಾಗ ಅದನ್ನು ಎಡಗೈಯಲ್ಲಿ ಹಿಡಿದು ಊದಿದ. ಪಕ್ಕದ ಬೀದಿಗೂ ಕೇಳದಂಥ ದನಿ.

“ತಮ್ಮಾ” ಎಂದಳು.

“ನೀವು ಅವತ್ತು ಹೇಳಿದ್ದು ದೊಡ್ಡ ಮಾತು ಅಕ್ಕಾ. ಬೇರೆ ಯಾರೂ ಹೇಳ್ತಿರಲಿಲ್ಲ. ನನ್ನ ಹೆಂಡತಿ ದಿನಾ ನಿಮ್ಮ ಹೆಸರು ಹೇಳಿ ಕೈಮುಗೀತಾಳೆ.” ಅವನು ಲಾರಿಯ ನಂಬರು ಎಡಗೈಯಲ್ಲಿ, ಮಗುವಿನ ಅಕ್ಷರದಲ್ಲಿ ಬರೆದುಕೊಂಡ. “ಚಕ್ರ ಹಾಕಿದ ದಿನವೇ ಹೇಳಿದ್ದರೆ ಸಣ್ಣ ಮಾತಲ್ಲೇ ಮುಗೀತಿತ್ತು. ನಾನು ಕೈಮುಗಿಯಲ್ಲ. ಮುಗಿಯೋಕೂ ಆಗಲ್ಲ ಬಿಡಿ.” ಹಾಗೆಂದು ನಕ್ಕ. ಆ ನಗು ನೋಡಲಾಗದೆ ಅವಳು ಹೊರಟಳು. ಹಿಂದಿನಿಂದ ಅವನೇ ಹೇಳಿದ, “ಮತ್ತೆ ಬರಬೇಡಿ ಅಕ್ಕಾ. ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮನ್ನ ನೋಡಿದರೆ ಬೆರಳು ನೆನಪಾಗುತ್ತೆ.”

ಈಗ ಅವಳು ಮನೆಯ ಮುಂದಿನ ಕೋಣೆಯಲ್ಲಿ ಮತ್ತೆ ಕೇಬಲ್ಲಿಗೆ ಬೆಸುಗೆ ಹಾಕುತ್ತಾಳೆ. ಅಂಗಡಿಯವರು ತಂದುಕೊಟ್ಟು ಒಯ್ಯುತ್ತಾರೆ. ಬಾಯಿ ಮುಚ್ಚದ ಆ ಅಗ್ಗದ ಮೀಟರೊಂದನ್ನು ಗುಜರಿಯಿಂದ ತಂದಳು. ಹೊಸ ಪ್ರೋಗ್ರಾಮಿನ ಒಂದು ಪ್ರತಿಯನ್ನು ತನ್ನ ಬಳಿ ಇಟ್ಟುಕೊಂಡಿದ್ದಾಳೆ, ಬೆಳಗಿನ ಆ ಒಂದು ಒತ್ತಿಗಾಗಿ.

ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಯಜಮಾನರು ಬಂದರು. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು. ಕೂದಲು ನರೆತಿತ್ತು. ಅತ್ತೆ ಕುರ್ಚಿ ಸರಿಸಿ, “ಕೂತ್ಕೊಳ್ಳಿ. ನಮ್ಮ ಮನೆ ಕುರ್ಚಿ ಮುರಿದಿದೆ, ಆದರೆ ಬೀಳಿಸಲ್ಲ” ಎಂದರು.

ಯಜಮಾನರು ನಗಲಿಲ್ಲ. ಜೇಬಿನಿಂದ ಲಕೋಟೆ ತೆಗೆದರು. “ನೀರು ಸರಬರಾಜಿನ ಪಂಪ್‌ಮನೆಯವರು ಮೀಟರಿನ ಕೆಲಸಕ್ಕೆ ಜನ ಹುಡುಕ್ತಿದ್ದಾರೆ. ನಿನ್ನ ಹೆಸರು ಹೇಳಿದೆ. ಅನುಭವದ ಪತ್ರ ಬೇಕಂತೆ. ತಂದಿದ್ದೀನಿ, ಓದು.”

ಅವಳು ಬೆಸುಗೆಯ ಕಡ್ಡಿಯನ್ನು ಹಿಡಿಕೆಗೆ ಸಿಕ್ಕಿಸಿ, ಕೈ ಒರೆಸಿಕೊಂಡು ಓದಿದಳು. ಒಳ್ಳೆಯ ಕಾಗದ, ಮೊಹರು, ಸಹಿ. ಪ್ರೋಗ್ರಾಮುಗಳ ತಜ್ಞೆ ಎಂದು ಬರೆದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಸಿಗದ ಹೆಸರು. ಕೆಲಸ ಬಿಟ್ಟ ದಿನಾಂಕದ ಹತ್ತಿರ ಅವಳ ಕಣ್ಣು ನಿಂತಿತು. ಸಿಳ್ಳೆಯ ಕೈ ಹೋಗುವುದಕ್ಕೆ ಆರು ತಿಂಗಳು ಮೊದಲಿನ ದಿನಾಂಕ. ಚಕ್ರ ಮಾಡುವುದಕ್ಕೂ ಒಂದು ತಿಂಗಳು ಮೊದಲು.

“ಈ ತಾರೀಕು?”

“ಬೇಕೂಂತಲೇ ಹಾಕಿಸಿದ್ದು. ಅಲ್ಲಿಗೆ ಆ ವರದಿ ನಿನಗೆ ತಗಲಲ್ಲ. ನಿನ್ನ ಹೆಸರು ಚೊಕ್ಕ ಆಗುತ್ತೆ. ನಾನೂ ಮನುಷ್ಯನೇ ಕಣಮ್ಮಾ, ಮಲಗಿದರೆ ನನಗೂ ನೆನಪಾಗುತ್ತೆ.”

“ಹಾಗಾದರೆ ಚಕ್ರ ಹಾಕಿದ್ದು ಯಾರು ಅಂತಾಗುತ್ತೆ?”

“ಯಾರೂ ಅಲ್ಲ. ಕಂಪನಿ. ಕಂಪನಿಗೆ ಮುಖ ಇಲ್ಲ, ಮುಖ ಇಲ್ಲದ್ದಕ್ಕೆ ಮಸಿ ಎಲ್ಲಿ ಬಳೀತಾರೆ?”

ಅತ್ತೆ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅಂಗಡಿಯವರ ಬಾಕಿ ಕೇಬಲ್ಲುಗಳು ನೆಲದ ಮೇಲೆ ಸುರುಳಿಯಾಗಿ ಬಿದ್ದಿದ್ದವು. ಕೇಬಲಕ್ಕ ಪತ್ರವನ್ನು ಮಡಿಕೆ ಇದ್ದಲ್ಲೇ ಮಡಚಿದಳು, ಲಕೋಟೆಯೊಳಗೆ ಸೇರಿಸಿದಳು, ಮೇಜಿನ ಮೇಲೆ ಅವರ ಕಡೆಗೆ ಸರಿಸಿದಳು.

“ಆಗದ ಹೊತ್ತನ್ನ ಬರೆದಿಟ್ಟ ಪಟ್ಟಿ ಒಂದು ಸಾಕಾಗಿದೆ ಯಜಮಾನರೇ. ಅದರಿಂದಲೇ ಒಬ್ಬ ಮನುಷ್ಯ ಒಂಬತ್ತು ದಿನ ಸುಳ್ಳುಗಾರ ಆಗಿದ್ದ. ಚಕ್ರ ನಾನು ಹಾಕಿದ್ದು, ಆ ದಿನ ನಾನು ನಿಮ್ಮ ಕೆಲಸದಲ್ಲೇ ಇದ್ದೆ. ಇದು ನನಗೆ ಬೇಡ, ತಗೊಂಡು ಹೋಗಿ.”